ನೀನು ಬಿಟ್ಟುಹೋದ ನೀಲಿ ಪುಸ್ತಕ

ಪ್ರೀತಿಯ ಪುಟ್ಟಿ,

ನಿನ್ನ ನೀಲಿ ರಟ್ಟಿನ ನೋಟ್‌ಬುಕ್ ಇಲ್ಲೇ ಉಳಿದುಬಿಟ್ಟಿದೆ. ನಡುಮನೆಯ ಮಂಚದ ಮೇಲೆ ದಿಂಬಿನ ಕೆಳಗೆ ಸಿಕ್ಕಿತು. ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಅದರ ಜೊತೆಗೆ ಈ ಪತ್ರ.

ಭಾನುವಾರ ರಾತ್ರಿ ಆಡಿದ ಮಾತೆಲ್ಲ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ನಿನ್ನ ಸ್ಪೆಷಲ್ ಎಜುಕೇಷನ್ ಕ್ಲಾಸಿನ ಹುಡುಗನಿಗೆ ನೀನು ಕೊಟ್ಟ ‘ಎ’ ನೋಡಿ ‘ಮೋಸ’ ಅನ್ನೋ ಮಾತು ಮಾತ್ರ ನನ್ನ ಬಾಯಿಂದ ಬರಬಾರದಿತ್ತು. ನೀನು ಕಾಫಿಯನ್ನೂ ಕುಡಿಯದೆ ಮೊದಲ ಬಸ್ಸಿಗೇ ಮೈಸೂರಿಗೆ ಹೊರಟೆ. ನಿನ್ನನ್ನು ಬಸ್ಸು ಹತ್ತಿಸಿ ಬಂದ ನಿಮ್ಮಪ್ಪ ಮಧ್ಯಾಹ್ನದ ಊಟದವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನೊಂದು ತಪ್ಪನ್ನೂ ಈಗಲೇ ಒಪ್ಪಿಕೊಳ್ಳುತ್ತೇನೆ. ನಿನ್ನನ್ನು ಕೇಳದೆ ಆ ಪುಸ್ತಕ ಓದಿದೆ. ಒಂದೆರಡು ಪುಟ ನೋಡೋಣ ಅಂತ ತೆಗೆದವಳು ಪೂರ್ತಿ ಓದಿಯೇ ಎದ್ದೆ. ಒಲೆ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಆ ಹುಡುಗ ಒಂಬತ್ತನೇ ಕ್ಲಾಸು, ಲೆಕ್ಕ ಎರಡನೇ ಕ್ಲಾಸಿನದು, ಪ್ರೋಗ್ರೆಸ್ ಕಾರ್ಡಿನಲ್ಲಿ ಗಣಿತಕ್ಕೆ ‘ಎ’. ಭಾನುವಾರ ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ. ಆ ಒಂದು ಅಕ್ಷರದ ಹಿಂದೆ ಇಷ್ಟು ಪುಟಗಳಿವೆ ಅಂತ ನನಗೆ ಗೊತ್ತಿರಲಿಲ್ಲ. ಜೂನ್‌ನಲ್ಲಿ ಅವನಿಗೆ 10 ರೂಪಾಯಿ ನೋಟು ಯಾವುದು, 20ರದು ಯಾವುದು ಅಂತ ತಿಳಿಯುತ್ತಿರಲಿಲ್ಲ. ನೀನು ಪ್ರತಿ ಪುಟದಲ್ಲೂ ಗೆರೆ ಎಳೆದು ಮೂರು ಕಾಲಂ ಮಾಡಿದ್ದೀಯ. ‘ಬೆರಳು ತೋರಿಸಿದ ಮೇಲೆ’, ‘ಬಾಯಲ್ಲಿ ಹೇಳಿದ ಮೇಲೆ’, ‘ತಾನಾಗಿ’. ತಿಂಗಳು ತಿಂಗಳಿಗೂ ಗುರುತುಗಳು ಒಂದು ಕಾಲಂನಿಂದ ಪಕ್ಕದ್ದಕ್ಕೆ ಸರಿಯುತ್ತಾ ಬಂದಿವೆ. ನವೆಂಬರ್‌ನಲ್ಲಿ ಅವನನ್ನು ಶಾಲೆ ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗಿದ್ದೀಯ. ಕೈಗೆ 100 ರೂಪಾಯಿ ಕೊಟ್ಟು, ಪೆನ್ಸಿಲ್ಲು, ಬಿಸ್ಕತ್ತು ತರಿಸಿ, ಚಿಲ್ಲರೆ ಎಣಿಸಿ ನೋಡಿದ್ದೀಯ. ಐಇಪಿಯಲ್ಲಿ, ಅಂದರೆ ಅವನೊಬ್ಬನಿಗಾಗಿ ಮಾಡಿದ ಕಲಿಕೆಯ ಯೋಜನೆಯಲ್ಲಿ, ಅರ್ಧ ವರ್ಷಕ್ಕೆ ಇಟ್ಟ ಗುರಿ 10 ಸಲಕ್ಕೆ 6 ಸಲ ಸರಿ ಬರಬೇಕು ಅಂತ. ಅವನು 7 ಸಲ ಸರಿಯಾಗಿ ತಂದಿದ್ದಾನೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಒಂದೇ ಒಂದು ಮಗುವಿನ ಬಗ್ಗೆಯೂ ನನಗೆ ಇಷ್ಟು ತಿಳಿದಿರಲಿಲ್ಲ ಪುಟ್ಟಿ.

ನಾನು ಯಾಕೆ ಹಾಗೆ ರೇಗಿದೆ ಅಂತ ಹೇಳಬೇಕು. 1997ರ ಅರ್ಧವಾರ್ಷಿಕ ಪರೀಕ್ಷೆ, ಎಂಟನೇ ಕ್ಲಾಸು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ. ಬೋರ್ಡ್ ಒರೆಸುವುದು, ಸ್ಟಾಫ್ ರೂಮಿನಿಂದ ಸೀಮೆಸುಣ್ಣ ತರುವುದು, ಕುಡಿಯೋ ನೀರು ತುಂಬಿಡುವುದು, ಎಲ್ಲ ಅವನೇ. ನಾನು ಅವನಿಗೆ ಒಂದು ದಿನವೂ ಪ್ರಶ್ನೆ ಕೇಳಿದವಳಲ್ಲ. ಪಾಪ, ಎಲ್ಲರೆದುರು ಯಾಕೆ ಅವಮಾನ ಮಾಡೋದು ಅಂತ. ‘ತುಂಬಾ ಒಳ್ಳೆ ಹುಡುಗ’ ಅಂತ ಎಲ್ಲರ ಹತ್ತಿರವೂ ಹೇಳುತ್ತಿದ್ದೆ.

ಅವನ ಉತ್ತರಪತ್ರಿಕೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗಡೆ ಸ್ಕೇಲಿಟ್ಟು ಎಳೆದ ಮಾರ್ಜಿನ್. ಪ್ರಶ್ನೆ ಸಂಖ್ಯೆಗೆ ಸುತ್ತ ಒಂದು ಗುಂಡು. ಪ್ರಶ್ನೆಪತ್ರಿಕೆಯಲ್ಲಿದ್ದ ಪ್ರತಿ ಪ್ರಶ್ನೆಯನ್ನೂ ಮುತ್ತು ಪೋಣಿಸಿದ ಹಾಗೆ ಬರೆದಿದ್ದ. ಕೆಳಗೆ ‘ಉತ್ತರ’ ಅಂತ ಬರೆದು, ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಬರೆದಿದ್ದ. ಮೊದಲಿನಿಂದ ಕೊನೆವರೆಗೂ ಹಾಗೇ. ಮಧ್ಯದಲ್ಲಿ ಎದ್ದಿಲ್ಲ, ಆಚೀಚೆ ನೋಡಿಲ್ಲ. ಅಡಿಷನಲ್ ಶೀಟು ಬೇರೆ ತೆಗೆದುಕೊಂಡು, ದಾರ ಕಟ್ಟಿ ಕೊಟ್ಟಿದ್ದ.

ನಾನು 35 ಅಂಕ ಹಾಕಿದೆ. ಪಾಸಾಗಲು ಎಷ್ಟು ಬೇಕೋ ಅಷ್ಟು.

ಅವನ ತಾಯಿ ಸೆರಗಿನಲ್ಲಿ ಕೊಬ್ಬರಿ ಗಿಟುಕು ಕಟ್ಟಿಕೊಂಡು ಬಂದು ಕೈ ಮುಗಿದಳು. ನನಗೂ ಏನೋ ಪುಣ್ಯದ ಕೆಲಸ ಮಾಡಿದ ಹಾಗನ್ನಿಸಿತ್ತು. ಪೇಪರ್ ಕೊಟ್ಟ ದಿನ ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಅವನೊಬ್ಬನೇ ನನ್ನ ಮೇಜಿನ ಹತ್ತಿರ ಬಂದ. ಪುಟ ತಿರುವಿ ತಿರುವಿ ನೋಡಿದ. ಒಳಗೆ ಎಲ್ಲೂ ಒಂದು ರೈಟು ಮಾರ್ಕಿಲ್ಲ, ತಪ್ಪಿನ ಗುರುತೂ ಇಲ್ಲ. ಮೇಲೆ ಕೆಂಪು ಶಾಯಿಯಲ್ಲಿ 35 ಅಂತ ಮಾತ್ರ ಇದೆ. "ಮಿಸ್, ಇದ್ರಲ್ಲಿ ಯಾವ್ದು ಸರಿ?" ಅಂತ ಕೇಳಿದ.

ನಾನು ಏನು ಹೇಳಿದೆ ಗೊತ್ತಾ? "ಪಾಸಾಗಿದ್ದೀಯಲ್ಲ, ಹೋಗು ಆಟ ಆಡ್ಕೋ."

ಒಂಬತ್ತರಲ್ಲೂ ಅವನಿಗೆ 35 ಬಂತು. ಹತ್ತರಲ್ಲಿ ಪೇಪರ್ ತಿದ್ದೋರು ನಾವಲ್ಲವಲ್ಲ. ಹಾಲ್ ಟಿಕೆಟ್ ತೆಗೆದುಕೊಂಡು ಹೋದವನು ಗಣಿತದ ದಿನ ಪರೀಕ್ಷೆಗೆ ಬರಲೇ ಇಲ್ಲ. ಆಮೇಲೆ ಎಲ್ಲಿ ಹೋದನೋ ನನಗೆ ತಿಳಿಯದು.

ಆಗ ನಮಗೆ ಏನೂ ಗೊತ್ತಿರಲಿಲ್ಲ ಅನ್ನೋದೂ ನಿಜ. 1995ರ ಕಾನೂನಿನಲ್ಲಿ ಅಂಗವೈಕಲ್ಯ ಅಂತ ಲೆಕ್ಕಕ್ಕೆ ಬರುತ್ತಿದ್ದದ್ದು 7 ಬಗೆ. ಓದು ಬರಹದ ಕಲಿಕೆಯ ತೊಂದರೆ ಅದರಲ್ಲಿ ಇರಲೇ ಇಲ್ಲ. 2016ರ ಕಾನೂನಿನಲ್ಲಿ ಅದು 21 ಆಯಿತು, ಅದರಲ್ಲಿ ಕಲಿಕೆಯ ತೊಂದರೆಯೂ ಸೇರಿತು. ಆದರೆ ಅವನು ಕೇಳಿದ್ದಕ್ಕೆ ಉತ್ತರ ಕೊಡಲು ಕಾನೂನು ಬೇಕಿತ್ತಾ? ನಿನ್ನ ಕಾರ್ಡಿನಲ್ಲಿ ‘ಎ’ ನೋಡಿದಾಗ ನನಗೆ ಕಂಡದ್ದು ನನ್ನ 35. ನೀನೂ ಪಾಪ ಅಂತ ಅಂಕ ಹಾಕುತ್ತಿದ್ದೀಯ ಅಂದುಕೊಂಡೆ. ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಕ್ಷಮಿಸು.

ಈಗ ನಾಲ್ಕು ಮಾತು ಹೇಳುತ್ತೇನೆ. ಬುದ್ಧಿವಾದ ಹೇಳಬಾರದು ಅಂತಲೇ ಪೆನ್ನು ಹಿಡಿದೆ, ಆದರೂ ಮನಸ್ಸು ತಡೆಯುತ್ತಿಲ್ಲ.

ಬರೀ ‘ಎ’ ಬರೆದು ಬಿಡಬೇಡ. ಯಾವುದಕ್ಕೆ ಎ ಅಂತ ಪಕ್ಕದಲ್ಲೇ ಕನ್ನಡದಲ್ಲಿ ಬರಿ. ‘100 ರೂಪಾಯಿವರೆಗಿನ ಚಿಲ್ಲರೆ ಎಣಿಸುತ್ತಾನೆ, 10ಕ್ಕೆ 7’ ಅಂತ. ಇಲ್ಲದಿದ್ದರೆ ಆ ಹುಡುಗನ ಅಪ್ಪ ಪಕ್ಕದ ಮನೆ ಹುಡುಗಿಯ ‘ಎ’ ಜೊತೆ ಅದನ್ನು ಇಟ್ಟು ನೋಡುತ್ತಾನೆ. ನಮ್ಮ ಹುಡುಗ ಎಸ್‌ಎಸ್‌ಎಲ್‌ಸಿ ಗಣಿತ ಪಾಸು ಮಾಡೇ ಮಾಡುತ್ತಾನೆ ಅಂದುಕೊಳ್ಳುತ್ತಾನೆ. ಅವರನ್ನು ಈ ತಿಂಗಳೇ ಕರೆಸಿ ಮಾತಾಡು. ಹತ್ತನೇ ಕ್ಲಾಸಿಗೆ ಬರಲಿ, ಆಮೇಲೆ ನೋಡೋಣ ಅನ್ನಬೇಡ. ಹೆಚ್ಚಿನ ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯ ವಿನಾಯಿತಿ, ಇವೆಲ್ಲ 2016ರ ಕಾನೂನಿನ 17ನೇ ಸೆಕ್ಷನ್‌ನಲ್ಲೇ ಇವೆ. ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದಾ ಕೇಳು. ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಆ ವಿನಾಯಿತಿಗಳಿಗೆ ಅಂಗವೈಕಲ್ಯದ ಸರ್ಟಿಫಿಕೇಟು ಬೇಕು, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡೂ ಇದ್ದರೆ ಒಳ್ಳೆಯದು. ಆ ಓಡಾಟ ಎಷ್ಟು ದಿನ ತೆಗೆದುಕೊಳ್ಳುತ್ತೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಇನ್ನೊಂದು ಭಯ ಇದೆ. ನಿಮ್ಮ ಶಾಲೆ ಎಂಥದ್ದೋ ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕು ಅಂತ ಇಂಥ ಮಕ್ಕಳಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುತ್ತಿದ್ದರು. ಹಾಗೇನಾದರೂ ಮಾತು ಬಂದರೆ ನಿನ್ನ ನೀಲಿ ಪುಸ್ತಕ ಮುಂದಿಡು. ಜಗಳ ಆಡಬೇಡ. ಪುಟ ತೆರೆದು ತೋರಿಸು ಸಾಕು. ಅದರದೊಂದು ಜೆರಾಕ್ಸ್ ಮಾಡಿಸಿ ಇಟ್ಟುಕೋ, ಮರೆಯಬೇಡ.

ಹಾಗೇ, ಗುರಿ ಅಲ್ಲಿಗೇ ನಿಲ್ಲಬಾರದು. 100 ರೂಪಾಯಿ ಆದ ಮೇಲೆ 500, ಆಮೇಲೆ ತೂಕ, ಅಳತೆ. ಅವನಿಗೆ ಕಷ್ಟ ಕೊಡಲು ಹೆದರಬೇಡ. ನಾನು ಆ ಹುಡುಗನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ.

ನೋಡು, ಮತ್ತೆ ಅಲ್ಲಿಗೇ ಬಂದೆ. ನಿನ್ನ ಪುಸ್ತಕ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅವನ ಉತ್ತರಪತ್ರಿಕೆಯಲ್ಲಿ ಒಂದು ತ್ರಿಭುಜ ಇತ್ತು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿದ್ದ ಚಿತ್ರವನ್ನು ಅವನು ಎರಡು ಸಲ ಬರೆದಿದ್ದ, ಪ್ರಶ್ನೆಗೆ ಒಂದು, ಉತ್ತರಕ್ಕೆ ಒಂದು. ಎರಡೂ ಒಂದೇ ಅಳತೆ. ಮೂಲೆಗಳು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅಂದರೆ ಅಚ್ಚಾದ ಚಿತ್ರಕ್ಕೆ ಸ್ಕೇಲಿಟ್ಟು ಅಳೆದಿದ್ದಾನೆ, ಮಿಲಿಮೀಟರ್ ಗೆರೆ ಎಣಿಸಿದ್ದಾನೆ. ‘ಯಾವುದು ಸರಿ’ ಅಂತ ಅವನು ಕೇಳಿದಾಗ ನಾನು ಅದನ್ನು ತೋರಿಸಬಹುದಿತ್ತು. ಇದು ಸರಿಯಾಗಿದೆ ಕಣೋ, ನಾಳೆ ಇಲ್ಲಿಂದ ಶುರು ಮಾಡೋಣ ಅನ್ನಬಹುದಿತ್ತು. ಇಷ್ಟು ವರ್ಷ ಆದ ಮೇಲೆ, ನಿನ್ನ ಮೂರು ಕಾಲಂ ನೋಡಿದ ಮೇಲೆ ನನಗೆ ಅದು ಹೊಳೆಯಿತು.

ನೀನು ಬಿ.ಎಡ್‌ಗೆ ಸ್ಪೆಷಲ್ ಎಜುಕೇಷನ್ ತೆಗೆದುಕೊಳ್ಳುತ್ತೇನೆ ಅಂದಾಗ, ಅದರಲ್ಲೇನು ಪಾಠ ಮಾಡೋದಿರುತ್ತೆ ಅಂದಿದ್ದೆ. ಆ ಮಾತನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ. ನಿನ್ನ ಮೇಲೆ ನನಗೆ ತುಂಬಾ ಹೆಮ್ಮೆ ಇದೆ. ಎದುರಿಗೆ ಹೇಳಲು ಬರುವುದಿಲ್ಲ, ಅದಕ್ಕೆ ಬರೆದೆ. ರಾತ್ರಿ ಹೊತ್ತು ಮೀರಿ ಕೂತು ಬರೆಯಬೇಡ, ಮೂರು ನಾಲ್ಕು ಪುಟಗಳಲ್ಲಿ ನಿನ್ನ ಅಕ್ಷರ ನಿದ್ದೆಗಣ್ಣಿನಲ್ಲಿ ಬರೆದ ಹಾಗಿದೆ. ಕೊರಿಯರ್ ಡಬ್ಬದಲ್ಲಿ ಚಟ್ನಿಪುಡಿಯನ್ನೂ ಇಟ್ಟಿದ್ದೇನೆ, ನಮ್ಮ ತೋಟದ ಕೊಬ್ಬರಿದು.

ಸಿಟ್ಟು ಇಳಿದ ಮೇಲೆ ಒಂದು ಫೋನ್ ಮಾಡು. ಒಂದು ವಿಷಯ ಕೇಳಬೇಕು. 10ಕ್ಕೆ 7 ಅಂತ ಬರೆದಿದ್ದೀಯಲ್ಲ, ಉಳಿದ ಮೂರು ಸಲ ಅವನು ಎಲ್ಲಿ ತಪ್ಪಿದ? 50ರ ನೋಟಿನಲ್ಲಾ, ಚಿಲ್ಲರೆ ಕಾಸಿನಲ್ಲಾ? ಪುಸ್ತಕದಲ್ಲಿ ಎರಡು ಸಲ ಹುಡುಕಿದೆ, ಸಿಗಲಿಲ್ಲ.

ಇಂತಿ,
ನಿನ್ನ ಅಮ್ಮ