ಮಗಳಿಗೊಂದು ಪತ್ರ: ಕತ್ತರಿ ಹಿಡಿದ ಕೈಗೂ ಕುಂಕುಮ

ಪ್ರೀತಿಯ ಪುಟ್ಟೀ,

ಓದುವುದಿದೆ ಎಂದು ಈ ಸಲ ಹಬ್ಬಕ್ಕೆ ಬರಲಿಲ್ಲ ನೀನು. ಅದಕ್ಕೆ ಬೇಸರವಿಲ್ಲ. ಆದರೆ ಫೋನ್ ಇಡುವ ಮೊದಲು ಅಂದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ: "ಎರಡು ವರ್ಷ ಧಾರವಾಡದಲ್ಲಿ ಕೂತು ನಾನು ಮಾಡಿದ್ದಾದರೂ ಏನವ್ವಾ?"

ನಿನ್ನೆ ಖಂಡೇನವಮಿ. ಹೊಲಿಗೆ ಯಂತ್ರ ಒರೆಸಿ, ಬಾಬಿನ್ ಪಕ್ಕ ಸಿಕ್ಕಿಕೊಂಡಿದ್ದ ನೂಲನ್ನು ಸೂಜಿಯ ಮೊನೆಯಿಂದ ಕಿತ್ತು ತೆಗೆದು ಎಣ್ಣೆ ಬಿಟ್ಟೆ. ಕತ್ತರಿ, ಅಳತೆ ಟೇಪು, ಇಸ್ತ್ರಿ ಪೆಟ್ಟಿಗೆ, ನಿನ್ನಪ್ಪನ ಕುಡುಗೋಲು, ಸೈಕಲ್ಲು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕೈ ಮುಗಿಯುವಾಗ ನನ್ನ ಕೈಯೇ ಕಣ್ಣಿಗೆ ಬಿತ್ತು. ಸೀರೆಗೆ ಫಾಲ್ ಹಚ್ಚುವಾಗ ಸೂಜಿ ಚುಚ್ಚಿ ಚುಚ್ಚಿ ಎಡಗೈ ತೋರುಬೆರಳಿನ ತುದಿ ಜರಡಿಯಂತಾಗಿದೆ. ಕತ್ತರಿ ಒತ್ತಿ ಬಲ ಹೆಬ್ಬೆರಳಿನಲ್ಲಿ ಜಡ್ಡುಗಟ್ಟಿದೆ. 22 ವರ್ಷ ಕತ್ತರಿಗೆ ಕುಂಕುಮ ಇಟ್ಟಿದ್ದೇನೆ, ಅದನ್ನು ಹಿಡಿದ ಕೈಗೆ ಒಂದು ಸಲವೂ ಇಟ್ಟಿರಲಿಲ್ಲ. ನಿನ್ನಪ್ಪ ಎದುರಿಗೇ ಇದ್ದರು, ನಾಚಿಕೆಯಾಯಿತು. ಆದರೂ ಇಟ್ಟೆ. ಕಣ್ಣು ತುಂಬಿ ಬಂತು.

ಆತ್ಮಸ್ತುತಿ ಒಳ್ಳೆಯದಲ್ಲವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಹೊಗಳಿಕೊಳ್ಳುವುದೇ ಬೇರೆ, ಉಪಕಾರ ನೆನೆಯುವುದೇ ಬೇರೆ. ಹೊಗಳಿಕೊಳ್ಳಲು ಕೇಳುವವರು ಬೇಕು. ನೆನೆಯಲು ಯಾರೂ ಬೇಡ.

ಏನು ಮಾಡಿದೆ ಎಂದು ಕೇಳಿದೆಯಲ್ಲ, ನಾನೂ ಕೇಳುತ್ತೇನೆ. ಪೂರ್ವಭಾವಿ ಪರೀಕ್ಷೆಯಲ್ಲಿ ಹೋದಾಗ ಎರಡು ದಿನ ಊಟ ಬಿಟ್ಟು ಮಲಗಿದ್ದವಳನ್ನು ಮೂರನೆಯ ದಿನ ಎಬ್ಬಿಸಿ, ತಲೆಗೆ ನೀರು ಹಾಕಿ, ಗ್ರಂಥಾಲಯಕ್ಕೆ ಕಳಿಸಿದವರು ಯಾರು? ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟವರು ಯಾರು? ಸಂಜೆ ಮಕ್ಕಳಿಗೆ ಮನೆಪಾಠ ಹೇಳಿ ಕೋಣೆಯ ಬಾಡಿಗೆ ಕಟ್ಟಿದವರು ಯಾರು? ನಾನಿರಲಿಲ್ಲ, ಅಪ್ಪನೂ ಇರಲಿಲ್ಲ. ಇಷ್ಟೆಲ್ಲ ಮಾಡಿದವಳು ಬೇರೆ ಯಾರೋ ಆಗಿದ್ದರೆ ನೀನು ಅವಳನ್ನು ಮನೆಗೆ ಕರೆದು, ಉಣ್ಣಿಸಿ, ಉಡಿ ತುಂಬಿ ಕಳಿಸುತ್ತಿದ್ದೆ. ಅವಳು ನೀನೇ ಆದ್ದರಿಂದ ದಿನಾ ಬೈಯುತ್ತಿದ್ದೀಯ. ಇದು ಅನ್ಯಾಯ, ಪುಟ್ಟೀ. ನನ್ನ ಮಗಳನ್ನು ಯಾರು ಬೈದರೂ ನಾನು ಸುಮ್ಮನಿರುವವಳಲ್ಲ.

ಒಂದು ಮಾತು ನಡೆಸಿಕೊಡು. ರಾತ್ರಿ ಪುಸ್ತಕ ಮುಚ್ಚಿದ ಮೇಲೆ, ಓದದೆ ಉಳಿದ ಪಾಠಗಳ ಲೆಕ್ಕ ಹಾಕುವ ಮೊದಲು, ಆ ದಿನ ನಿನಗಾಗಿ ನೀನು ಮಾಡಿದ ಒಂದು ಕೆಲಸವನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆ. ಹೊತ್ತಿಗೆ ಸರಿಯಾಗಿ ಉಂಡೆ, ಅಳು ಬಂದಾಗ ಗೆಳತಿಗೆ ಫೋನ್ ಮಾಡಿದೆ, ಇಷ್ಟಾದರೂ ಸಾಕು. ನಾನು ಹೊಲಿಗೆಯ ಲೆಕ್ಕದ ಪುಸ್ತಕದಲ್ಲಿ ನಿನ್ನೆಯೇ ಶುರು ಮಾಡಿದೆ: "ಬೆನ್ನು ನೋಯುತ್ತಿತ್ತು. ಹೋಳಿಗೆ ತಟ್ಟುವುದನ್ನು ಬಿಟ್ಟು ಅರ್ಧ ಗಂಟೆ ಒರಗಿದೆ."

ಇವತ್ತು ಸಂಜೆ ಓಣಿಯವರಿಗೆಲ್ಲ ಬನ್ನಿ ಕೊಟ್ಟು, ಬಂಗಾರದ ಹಾಗಿರೋಣ ಎಂದು ಹೇಳಿ ಬಂದೆವು. ನಿನಗೂ ಒಂದು ಹಿಡಿ ಈ ಲಕೋಟೆಯಲ್ಲಿದೆ. ಮನೆಯೊಡತಿಗೆ, ಗೆಳತಿಯರಿಗೆ ಕೊಡು. ಒಂದು ಎಲೆ ಉಳಿಸಿಕೋ. ಅದನ್ನು ಬಲಗೈಯಿಂದ ನಿನ್ನ ಎಡಗೈಗೆ ಕೊಟ್ಟು, ಬಂಗಾರದ ಹಾಗಿರೋಣ ಎಂದು ಹೇಳು.

ನಿನ್ನ
ಅವ್ವ