ಮಂಜು, ನೀನು ಈಗಲೇ ಅಡ್ವಾನ್ಸ್ ಕಟ್ಟಬೇಡ

ಪ್ರಿಯ ಮಂಜು,

"ಮಾಲ್ಡೀವ್ಸಿನ ಡೈವಿಂಗ್ ಬೋಟ್ ಪ್ರವಾಸ ಹೇಗಿತ್ತೋ?" ಅಂತ ನೀನು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ ಹನ್ನೆರಡು ದಿನ ಆಯಿತು. ನಾನು "ಸೂಪರ್" ಅಂತ ಬರೆದು ನಾಲ್ಕು ಫೋಟೋ ಹಾಕಿ ಸುಮ್ಮನಾದೆ. ಮೊನ್ನೆ ನಿನ್ನ ಮನೆಯವರು ಫೋನ್ ಮಾಡಿ, "ಇವರು ಮುಂದಿನ ಫೆಬ್ರುವರಿಗೆ ಅದೇ ಬೋಟಿಗೆ ದುಡ್ಡು ಕಟ್ತೀನಿ ಅಂತಿದ್ದಾರೆ, ನೀವೇ ಸ್ವಲ್ಪ ಹೇಳಿ ಅಣ್ಣ" ಅಂದರು. ತಪ್ಪು ನನ್ನದೇ. ಫೋಟೋದಲ್ಲಿ ನೀರು ನಿಂತ ಹಾಗೆ ಕಾಣುತ್ತದೆ. ಅದು ನಿಂತಿರಲಿಲ್ಲ ಮಾರಾಯ. ಅದಕ್ಕೇ ಈ ಪತ್ರ.

ಮೊದಲು ಸುಲಭದ ವಿಷಯ ಮುಗಿಸುತ್ತೇನೆ. ಬೆಂಗಳೂರಿನಿಂದ ಅಲ್ಲಿನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹೊನ್ನಾವರಕ್ಕೆ ಬರಬೇಕಾದರೆ ಇಡೀ ರಾತ್ರಿ ಬಸ್ಸಿನಲ್ಲಿ ಕುಕ್ಕರಿಸುವವನು ನಾನು! ವೀಸಾಕ್ಕೆ ದುಡ್ಡಿಲ್ಲ, ಇಳಿದ ಮೇಲೆ ಅಲ್ಲೇ ಮುದ್ರೆ ಒತ್ತುತ್ತಾರೆ. ವಿಮಾನ ನಿಲ್ದಾಣವೇ ಒಂದು ದ್ವೀಪ. ಬಾಗಿಲು ದಾಟಿದರೆ ಎದುರಿಗೇ ದೋಣಿಗಳು. ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಯಿತು. ದಿನಕ್ಕೆ ತಲೆಗೆ 12 ಡಾಲರ್ ಹಸಿರು ತೆರಿಗೆಯೂ ಅದರಲ್ಲೇ ಬಂತು. ನನ್ನ ಅಮ್ಮನಿಗೆ ಮಾತ್ರ ಅರ್ಧದ ಲೆಕ್ಕ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ.

ನಾವು ಹದಿನೆಂಟು ಜನ. ಎರಡು ಬೋಟು. ದೊಡ್ಡದರಲ್ಲಿ ಊಟ, ನಿದ್ದೆ. ಅದರ ಹಿಂದೆ ಕರುವಿನ ಹಾಗೆ ಬರುವ ಚಿಕ್ಕದನ್ನು ಅವರು 'ಧೋನಿ' ಅನ್ನುತ್ತಾರೆ. ಹೌದು, ನಮ್ಮ ದೋಣಿಯೇ. ಟ್ಯಾಂಕು, ತೇಲಲು ಗಾಳಿ ತುಂಬಿ ಮುಳುಗಲು ತೆಗೆಯುವ ಜಾಕೆಟ್ಟು, ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರು ಎಲ್ಲ ಧೋನಿಯಲ್ಲಿ. ಬೆಳಿಗ್ಗೆ ಆರಕ್ಕೆ ಮುಂಚೆ ಗಂಟೆ ಹೊಡೆಯುತ್ತಾರೆ. ಒಂದು ಡೈವ್ ಆದ ಮೇಲೆ ತಿಂಡಿ, ಇನ್ನೊಂದಾದ ಮೇಲೆ ಊಟ, ಮೂರನೆಯದಾದ ಮೇಲೆ ಚಹಾ. ಕೆಲವು ದಿನ ರಾತ್ರಿಯೂ ಇಳಿಸುತ್ತಾರೆ. ವಾರದಲ್ಲಿ ಹದಿನೇಳು ಡೈವ್ ಆಯಿತು. ಮೂರನೇ ದಿನಕ್ಕೇ ಇವತ್ತು ಯಾವ ವಾರ ಅನ್ನುವುದು ಮರೆತುಹೋಗಿತ್ತು.

ಒಂದು ಕೆಲಸ ಮಾತ್ರ ನನಗೆ ತುಂಬಾ ಇಷ್ಟವಾಯಿತು. ನೈಟ್ರಾಕ್ಸ್ ತುಂಬಿದ ಟ್ಯಾಂಕನ್ನು ಪ್ರತಿಸಲ ನಾವೇ ಅಳೆಯಬೇಕು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ಇದರಲ್ಲಿ 32. ಸಾರಜನಕ ಕಡಿಮೆ ಇರುವುದರಿಂದ ದಿನಕ್ಕೆ ಮೂರು ಸಲ ಇಳಿದರೂ ಮೈಗೆ ಹೊರೆ ಕಡಿಮೆ. ಆದರೆ ತೀರಾ ಆಳಕ್ಕೆ ಹೋದರೆ ಅದೇ ಆಮ್ಲಜನಕ ವಿಷ. ಹಾಗಾಗಿ ನಿದ್ದೆಗಣ್ಣಿನಲ್ಲೇ ಟ್ಯಾಂಕಿನ ವಾಲ್ವ್ ಒಂಚೂರು ತಿರುಗಿಸಬೇಕು. ಸುಸ್ ಅಂತ ಬರುವ ಗಾಳಿಗೆ ಮೀಟರ್ ಹಿಡಿಯಬೇಕು. 31.8, 32.1 ಅಂತ ಅಂಕಿ ಕುಣಿದು ನಿಂತ ಮೇಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹಾಲಿನ ಡೇರಿಯಲ್ಲಿ ನಿನ್ನಪ್ಪ ಫ್ಯಾಟ್ ನೋಡಿಸಿ ಬರೆಸುತ್ತಿದ್ದ ಪುಸ್ತಕ ನೆನಪಾಯಿತು.

ಈಗ ಸೆಳೆತದ ವಿಷಯಕ್ಕೆ ಬರುತ್ತೇನೆ.

ಮಾಲ್ಡೀವ್ಸ್ ಅಂದರೆ 1,190ರಷ್ಟು ಸಣ್ಣ ಸಣ್ಣ ದ್ವೀಪಗಳು. ಅವು ಉಂಗುರ ಉಂಗುರವಾಗಿ ಕೂತಿವೆ. ಇಂಗ್ಲಿಷಿನ 'ಅಟಾಲ್' ಅನ್ನುವ ಪದ ಇವರ ದಿವೇಹಿ ಭಾಷೆಯಿಂದಲೇ ಹೋದದ್ದು. ಅಂಚು ಅಲ್ಲಲ್ಲಿ ಒಡೆದ ದೊಡ್ಡ ಹರಿವಾಣವನ್ನು ಸಮುದ್ರದಲ್ಲಿ ಮುಳುಗಿಸಿಟ್ಟಿದ್ದಾರೆ ಅಂದುಕೊ. ಆ ಒಡಕುಗಳೇ 'ಕಂಡು'. ಹರಿವಾಣದ ಒಳಗೂ ಹೊರಗೂ ನೀರು ಓಡಾಡುವುದೆಲ್ಲ ಅವುಗಳ ಮೂಲಕವೇ. ನಮ್ಮ ಶರಾವತಿ ಅಳಿವೆಯಲ್ಲಿ ಉಬ್ಬರದ ಹೊತ್ತಿಗೆ ನೀರು ಹೇಗೆ ನುಗ್ಗುತ್ತದೆ ಅಂತ ನಿನಗೆ ನಾನು ಹೇಳಬೇಕಾ? ಅದೇ ಅಳಿವೆ, ಆದರೆ ನೀನು ದೋಣಿಯಲ್ಲಿ ಇಲ್ಲ, ಇಪ್ಪತ್ತೈದು ಮೀಟರ್ ಕೆಳಗೆ ಇದ್ದೀಯ. ಫೆಬ್ರುವರಿಯಲ್ಲಿ ಗಾಳಿ ಈಶಾನ್ಯದಿಂದ. ಪೂರ್ವದ ಕಂಡುಗಳಲ್ಲಿ ಹೊರಗಡಲಿನ ತಿಳಿನೀರು ಒಳಗೆ ಹರಿಯುತ್ತದೆ. ಆ ಬಾಯಿಯ ಮೂಲೆಯಲ್ಲಿ ಶಾರ್ಕುಗಳು ಸೆಳೆತಕ್ಕೆ ಎದುರಾಗಿ ಸುಮ್ನೆ ತೇಲುತ್ತಾ ನಿಲ್ಲುತ್ತವೆ. ಅದನ್ನು ನೋಡಲಿಕ್ಕೇ ಎಲ್ಲರೂ ಹೋಗುವುದು.

ಎರಡನೇ ದಿನ ವಾವು ಅಟಾಲ್‌ನ ಮಿಯರು ಕಂಡು. ಮಿಯರು ಅಂದರೆ ಶಾರ್ಕ್, ನಮ್ಮ ಮೀನುಪೇಟೆಯ ಮೋರಿ. ಗೈಡ್ ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ. ಜಾಕೆಟ್‌ನ ಗಾಳಿ ಪೂರ್ತಿ ತೆಗೆದು ಹಾರಿ, ಮೇಲೆ ತೇಲಬೇಡಿ, ನೇರ ಕೆಳಗಿಳಿದು ಮೂಲೆ ಹಿಡಿಯಿರಿ. ನಾನು ತಲೆಯಾಡಿಸಿದೆ. "ಗೋ ಗೋ ಗೋ" ಅಂದರು, ಹಾರಿದೆ. ಜಾಕೆಟ್ಟಿನಲ್ಲಿ ಗಾಳಿ ಉಳಿದಿತ್ತು. ಬೆಂಡಿನ ಹಾಗೆ ಮೇಲೆಯೇ ನಿಂತೆ. ಗಾಳಿ ಬಿಟ್ಟು ಇಳಿಯಲು ಹೊರಟರೆ ಎಡಗಿವಿ ಕಟ್ಟಿಕೊಂಡಿತು. ಮೂಗು ಹಿಡಿದು ಊದಿ, ಒಂದು ಮೀಟರ್ ಮೇಲೆ ಬಂದು, ಮತ್ತೆ ಊದಿ. ಅರ್ಧ ನಿಮಿಷ ಆಗಿರಬಹುದು. ಕೆಳಗೆ ನೋಡಿದರೆ ಮೂಲೆ ಇಲ್ಲ, ಗೈಡ್ ಇಲ್ಲ. ಕಂಡುವಿನ ಬಿಳಿ ಮರಳು ಮಾತ್ರ ಬಸ್ಸಿನ ಕಿಟಕಿಯಲ್ಲಿ ರಸ್ತೆ ಓಡುವ ಹಾಗೆ ಓಡುತ್ತಿದೆ.

ನನ್ನ ಜೊತೆಗಾರ ಪುಣೆಯ ಹುಡುಗ, ಪಾಪ, ನನ್ನಿಂದಾಗಿ ಅವನೂ ತಪ್ಪಿಸಿಕೊಂಡಿದ್ದ. ಸೆಳೆತಕ್ಕೆ ಎದುರು ಕಾಲು ಬಡಿದೆ. ಎರಡು ನಿಮಿಷಕ್ಕೆ ಟ್ಯಾಂಕಿನ ಗಾಳಿಯ ಒತ್ತಡ ಮೂವತ್ತು ಬಾರ್ ಇಳಿಯಿತು, ಮುಂದೆ ಹೋದದ್ದು ಒಂದು ಗೇಣೂ ಇಲ್ಲ. ಅವನೇ ನನ್ನ ತೋಳು ಹಿಡಿದು ಸಾಕು ಅಂತ ಕೈ ಮಾಡಿದ. ಐದು ಮೀಟರಿಗೆ ಬಂದು ಕಿತ್ತಳೆ ಬಣ್ಣದ ಉದ್ದ ಬಲೂನು ಊದಿ ಮೇಲೆ ಬಿಟ್ಟೆವು. ಮೂರು ನಿಮಿಷ ನಿಂತು ಎದ್ದೆವು. ಸುತ್ತಲೂ ನೀಲಿ. ದೊಡ್ಡ ಬೋಟು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಧೋನಿ ಬರಲು ಹತ್ತು ನಿಮಿಷ ಆಗಿರಬೇಕು. ಆ ಹತ್ತು ನಿಮಿಷ ನಾನು ಆ ಬಲೂನನ್ನು ಮಗುವಿನ ಹಾಗೆ ಅಪ್ಪಿ ಹಿಡಿದಿದ್ದೆ. ಅಲೆ ಮುಖಕ್ಕೆ ಬಡಿಯುವಾಗ ಲೆಕ್ಕ ಹಾಕಿದೆ. ಇದು ನನ್ನ 49ನೇ ಡೈವ್. ಮಂಜು ಮಾಡಿರುವುದು ಒಂಬತ್ತು.

ಯಾರೂ ಬೈಯಲಿಲ್ಲ. ಗೈಡ್ ಶುಂಠಿ ಚಹಾ ಕೊಟ್ಟು, "ನಾಳೆ ಕೊನೆಗೆ ಹಾರು, ನನ್ನ ಕಾಲಿನ ಫಿನ್ ನೋಡಿಕೊಂಡು ಬಾ" ಅಂದ. ಬೈದಿದ್ದರೆ ವಾಸಿ ಇತ್ತು.

ಮರುದಿನ ಫೊತ್ತೆಯೊ ಅನ್ನುವ ಇನ್ನೊಂದು ಕಂಡು. ಗಾಳಿ ಒಂದು ತೊಟ್ಟೂ ಉಳಿಯದ ಹಾಗೆ ಜಾಕೆಟ್ ಹಿಂಡಿ ಹಾರಿದೆ. ಮೂಲೆಯಲ್ಲಿ ಗೈಡ್ ತೋರಿಸಿದ ಸತ್ತ ಬಂಡೆಗೆ ಕೊಕ್ಕೆ ಸಿಕ್ಕಿಸಿದೆ. ಮೊಂಡು ಕಬ್ಬಿಣದ ಕೊಕ್ಕೆ, ಅದಕ್ಕೆ ಒಂದೂವರೆ ಮೀಟರ್ ಹಗ್ಗ, ಹಗ್ಗದ ತುದಿಯಲ್ಲಿ ನಾನು, ಗಾಳಿಪಟದ ಹಾಗೆ. ಮಾಸ್ಕ್ ಪಟಪಟ ಅದುರುತ್ತಿತ್ತು. ಪಕ್ಕಕ್ಕೆ ಕತ್ತು ತಿರುಗಿಸಿದರೆ ಅದು ಕಿತ್ತೇ ಹೋದೀತು ಅನ್ನಿಸಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀಲಿಯೊಳಗೆ ಒಂದು ಬೂದು ಗೆರೆ. ಇನ್ನೊಂದು. ಹದಿಮೂರರ ತನಕ ಎಣಿಸಿದೆ. ನಾವು ಹಗ್ಗ ಹಿಡಿದು ಒದ್ದಾಡುತ್ತಿದ್ದ ನೀರಿನಲ್ಲಿ ಅವು ಬಾಲವನ್ನೂ ಸರಿಯಾಗಿ ಆಡಿಸುತ್ತಿರಲಿಲ್ಲ. ಒಂದು ತೀರಾ ಹತ್ತಿರ ಬಂತು. ಕಿವಿರಿನ ಸೀಳು ಒಂದೊಂದಾಗಿ ತೆರೆದು ಮುಚ್ಚುವುದು ಕಂಡಿತು. ಕಣ್ಣಿನ ಪಕ್ಕ ಹಳೇ ಗಾಯದ ಕಲೆ. ನನ್ನನ್ನು ನೋಡಿತು, ಆಸಕ್ತಿ ಇಲ್ಲ ಅಂತ ಹೋಯಿತು. ಈ ದೇಶದಲ್ಲಿ 2010ರಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿದರು. ಜೀವಂತ ಶಾರ್ಕ್ ನೋಡಲು ಬರುವವರ ದುಡ್ಡೇ ಜಾಸ್ತಿ ಅಂತ ಅವರಿಗೆ ಗೊತ್ತಾಗಿತ್ತು.

ಅಲಿಮತಾ ದ್ವೀಪದ ರಾತ್ರಿ ಡೈವ್ ಬಗ್ಗೆ ಎಲ್ಲರೂ ಬಾಯಿ ಬಿಟ್ಟು ಹೊಗಳುತ್ತಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಟಾರ್ಚ್ ಬೆಳಕಿನಲ್ಲಿ ಹತ್ತಾರು ನರ್ಸ್ ಶಾರ್ಕುಗಳು ನಮ್ಮ ಕಾಲಿನ ಸಂದಿಯಲ್ಲೇ ನುಗ್ಗಿಕೊಂಡು ಹೋಗುತ್ತವೆ. ಒಂದು ನನ್ನ ಮೊಣಕೈಗೆ ಉಜ್ಜಿತು, ಥೇಟ್ ಮರಳುಕಾಗದ. ವರ್ಷಗಟ್ಟಲೆ ಅಲ್ಲಿ ಮೀನಿನ ಚೂರು ಎಸೆದು ರೂಢಿ ಮಾಡಿಸಿದ್ದಾರೆ. ದೇವಸ್ಥಾನದ ಮಂಗಗಳ ನೆನಪಾಯಿತು, ಅಷ್ಟೇ.

ತಿಮಿಂಗಿಲ ಶಾರ್ಕ್ ಕತೆ ಇನ್ನೂ ತಮಾಷೆ. ದಕ್ಷಿಣ ಆರಿ ಅಟಾಲ್‌ನಲ್ಲಿ ಅವು ವರ್ಷವಿಡೀ ಇರುತ್ತವೆ, ಹೆಚ್ಚಿನವು ಇನ್ನೂ ಬೆಳೆಯುತ್ತಿರುವ ಗಂಡುಗಳು. 2009ರಿಂದ ಆ ಭಾಗ ರಕ್ಷಿತ ಪ್ರದೇಶ. ಎರಡೂವರೆ ಗಂಟೆ ಧೋನಿಯ ಮೇಲೆ ಬಿಸಿಲಲ್ಲಿ ಕೂತು ನೀರು ದಿಟ್ಟಿಸಿದೆವು. "ಅಗೋ" ಅಂದದ್ದೇ ತಡ, ಆರೇಳು ಬೋಟಿನವರು ಒಟ್ಟಿಗೆ ಹಾರಿದರು. ತೇರು ಎಳೆಯುವಾಗ ಹಗ್ಗಕ್ಕೆ ಬೀಳುತ್ತಾರಲ್ಲ, ಹಾಗೆ. ಯಾರದೋ ಫಿನ್ ನನ್ನ ಮಾಸ್ಕ್‌ಗೆ ಬಡಿದು ನೀರು ತುಂಬಿತು. ಖಾಲಿ ಮಾಡಿ ನೋಡುವಷ್ಟರಲ್ಲಿ ಸಿಕ್ಕಿದ್ದು ಬಾಲ. ಆದರೂ ಆ ಬಾಲ ನಿನ್ನಷ್ಟು ಎತ್ತರ ಇತ್ತು ಕಣೋ. ಬೂದು ಬಣ್ಣ, ಮೇಲೆಲ್ಲ ರಂಗೋಲಿ ಚುಕ್ಕಿ ಇಟ್ಟ ಹಾಗೆ. ಕಿವಿರಿನ ಹಿಂದಿನ ಚುಕ್ಕಿಗಳು ಒಂದೊಂದಕ್ಕೂ ಬೇರೆ ಬೇರೆಯಂತೆ, ಅದನ್ನು ನೋಡಿಯೇ ಯಾವುದು ಯಾವುದು ಅಂತ ಗುರುತು ಹಿಡಿಯುತ್ತಾರೆ. ಗೈಡ್ ಅದರ ಪಕ್ಕೆಯ ಫೋಟೋ ತೆಗೆದ, ನಾನು ಅವನ ಫೋಟೋದಲ್ಲೇ ಪೂರ್ತಿ ಶಾರ್ಕ್ ನೋಡಿದೆ.

ಹವಳದ ಬಗ್ಗೆ ನಿನಗೆ ನಿಜ ಹೇಳಿಬಿಡುತ್ತೇನೆ. ಫೋಟೋದಲ್ಲಿ ಇರುವುದು ಒಳ್ಳೆಯ ಜಾಗಗಳು. ಆಳವಿಲ್ಲದ ಕಡೆ ಬೂದಿ ಬಣ್ಣದ ಮುರುಕುಗಳೇ ಜಾಸ್ತಿ, ಹಂಚು ಒಡೆದು ರಾಶಿ ಹಾಕಿದ ಹಾಗೆ. 1998ರಲ್ಲೂ 2016ರಲ್ಲೂ ಸಮುದ್ರ ಕಾದು ಹವಳ ಬೆಳ್ಳಗಾಗಿ ಸತ್ತಿತ್ತು. ಇಪ್ಪತ್ತು ವರ್ಷದಿಂದ ಬರುತ್ತಿರುವ ಜರ್ಮನಿಯ ಒಬ್ಬ ಅಜ್ಜ ನಮ್ಮ ಬೋಟಿನಲ್ಲಿದ್ದರು. ಪ್ರತಿ ಡೈವ್ ಆದ ಮೇಲೂ ನಾವೆಲ್ಲ ಕೂಗಾಡುತ್ತಿದ್ದರೆ ಅವರು ಸುಮ್ಮನೆ ಒದ್ದೆ ಬಟ್ಟೆ ಹಿಂಡುತ್ತಿದ್ದರು. ಉತ್ತರ ಆರಿಯ ಮಾಯಾ ತಿಲದಲ್ಲಿ ಮಾತ್ರ ಮೇಲೆದ್ದು ಹೆಬ್ಬೆರಳು ತೋರಿಸಿದರು. 'ತಿಲ' ಅಂದರೆ ನೀರೊಳಗಿನ ಗುಡ್ಡ. ಅಲ್ಲಿ ಮೀನು ಎಷ್ಟಿತ್ತೆಂದರೆ ಗುಡ್ಡವೇ ಕಾಣುತ್ತಿರಲಿಲ್ಲ.

ಊಟದ ವಿಷಯ ನೀನು ಕೇಳಿಯೇ ಕೇಳುತ್ತೀಯ. ಬೆಳಿಗ್ಗೆ 'ಮಸ್ ಹುನಿ'. ಟ್ಯೂನಾ ಪುಡಿ ಮಾಡಿ, ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ಲಿಂಬೆರಸ ಹಾಕಿ ಕೈಯಲ್ಲೇ ಹಿಸುಕಿ ಕಲಸುತ್ತಾರೆ. ಜೊತೆಗೆ 'ರೊಶಿ', ನಮ್ಮ ಚಪಾತಿಯ ತಮ್ಮ. ಮೊದಲ ತುತ್ತಿಗೇ ನಮ್ಮ ದೊಡ್ಡಮ್ಮ ಒಣಮೀನಿಗೆ ಕಾಯಿ ಹಾಕಿ ಮಾಡುತ್ತಿದ್ದ ಚಟ್ನಿ ಬಾಯಿಗೆ ಬಂತು. ಬಾಂಗ್ಲಾದೇಶದ ಅಡುಗೆಯವನಿಗೆ ನಾನು ಮೂರು ಸಲ ಹಾಕಿಸಿಕೊಂಡಿದ್ದು ಕಂಡು ಖುಷಿ. ಆಮೇಲಿನ ದಿನಗಳಲ್ಲಿ ನನಗೆ ಅಂತಲೇ ಮೆಣಸು ಜಾಸ್ತಿ ಹಾಕಿದ ಒಂದು ಬಟ್ಟಲು ಬೇರೆ ಇಡುತ್ತಿದ್ದ.

ಇನ್ನು ನನ್ನ ಗಾಳಿಯ ಮರ್ಯಾದೆ ಪ್ರಶ್ನೆ. ಮೂವತ್ತು ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ ಒಂದೊಂದು ಉಸಿರಿಗೂ ನಾಲ್ಕು ಉಸಿರಿನ ಗಾಳಿ ಹೋಗುತ್ತದೆ. ಅಲ್ಲಿ ಅದಕ್ಕಿಂತ ಆಳ ಹೋಗಲು ಕಾನೂನೇ ಬಿಡುವುದಿಲ್ಲ. ಮೊದಲ ಮೂರು ದಿನ ಎಲ್ಲರಿಗಿಂತ ಮೊದಲು ಗಾಳಿ ಮುಗಿಸಿದವನು ನಾನೇ. ನಲವತ್ತು ನಿಮಿಷಕ್ಕೆ ನನಗೆ ಉಳಿದದ್ದು 60 ಬಾರ್, ಆ ಅಜ್ಜನಿಗೆ ಆಗ ಇನ್ನೂ 110. ಐದನೇ ದಿನ ಅವರ ಹಿಂದೆಯೇ ಹೋದೆ. ಅವರು ಈಜುವುದೇ ಇಲ್ಲ ಮಾರಾಯ! ಬಂಡೆಯ ಮರೆಯಲ್ಲಿ ಹೊಟ್ಟೆ ತಾಗುವಷ್ಟು ಕೆಳಗೆ, ಕೈ ಕಟ್ಟಿಕೊಂಡು. ಎರಡು ಸಲ ಕಾಲಾಡಿಸಿ ಮತ್ತೊಂದು ಬಂಡೆಯ ಮರೆ. ಮಳೆಯಲ್ಲಿ ಅಂಗಡಿ ಸೂರಿನಿಂದ ಸೂರಿಗೆ ಓಡುತ್ತೇವಲ್ಲ, ಹಾಗೆ. ನಾನೂ ಹಾಗೇ ಮಾಡಿದೆ. 52 ನಿಮಿಷ ಸಿಕ್ಕಿತು. ಅದೇ ಡೈವ್‌ನಲ್ಲಿ, ಬಂಡೆಯ ಹಿಂದೆ ಬಿದ್ದುಕೊಂಡಿದ್ದಾಗ, ತಲೆಯ ಮೇಲೆ ನೆರಳು ಬಂತು. ಮಾಂಟಾ. ನಮ್ಮ ತೊರಕೆ ಮೀನಿನ ದೊಡ್ಡಣ್ಣ. ರೆಕ್ಕೆಯ ತುದಿಯಿಂದ ತುದಿಗೆ ಹಾಸಿದ ಚಾಪೆ ಎರಡು ಉದ್ದ ಇಟ್ಟಷ್ಟು. ಸಣ್ಣ ಮೀನುಗಳಿಂದ ಮೈ ತೊಳೆಸಿಕೊಳ್ಳಲು ಬಂದಿತ್ತು. ಉಸಿರು ಬಿಟ್ಟರೆ ಗುಳ್ಳೆ ಅದರ ಹೊಟ್ಟೆಗೆ ತಾಗುತ್ತದಲ್ಲ ಅಂತ ನಾನು ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಬಿಟ್ಟೆ.

ಕೊನೆಯ ದಿನ ಇಳಿಯುವ ಹಾಗಿಲ್ಲ. ವಿಮಾನ ಹತ್ತುವ ಮುಂಚೆ ಹದಿನೆಂಟು ಗಂಟೆಯಾದರೂ ಮೈ ಒಣಗಿರಬೇಕು. ಸೂಟುಗಳನ್ನೆಲ್ಲ ಹಗ್ಗಕ್ಕೆ ನೇತುಹಾಕಿ ಕೂತಿದ್ದೆವು.

ಈಗ ನಿನ್ನ ಮಾತು. ಆ ಮಾರ್ಗದ ಬಹಳಷ್ಟು ಬೋಟಿನವರು ಅಡ್ವಾನ್ಸ್ಡ್ ಕೋರ್ಸು, ಮೂವತ್ತರಿಂದ ಐವತ್ತು ಡೈವ್ ಆಗಿದೆಯಾ ಅಂತ ಕೇಳುತ್ತಾರೆ. ಸುಳ್ಳು ಬರೆದರೆ ಯಾರೂ ಪರೀಕ್ಷೆ ಮಾಡಲಿಕ್ಕಿಲ್ಲ. ನೀನು ಬರೆಯುತ್ತೀಯ ಅಂತಲೂ ನನಗೆ ಗೊತ್ತು, ಕಾಲೇಜಿನಲ್ಲಿ ಸುಳ್ಳು ಹಾಜರಾತಿ ಹಾಕುತ್ತಿದ್ದವನಲ್ವಾ. ಬೇಡ. ಒಂದು ವರ್ಷ ತಡಿ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟು ಶುರುವಾಗುತ್ತದೆ. ನಾನು ದಸರಾ ರಜೆಗೆ ಬರುತ್ತೇನೆ, ಇಬ್ಬರೂ ನಾಲ್ಕು ದಿನ ಹೋಗೋಣ. ನೀನು ಐದು ಮೀಟರಿನಲ್ಲಿ ನಿಂತು ಆ ಬಲೂನು ಊದುವುದನ್ನು ಹತ್ತು ಸಲ ಮಾಡಬೇಕು. ನಾನು ಜಾಕೆಟ್ ಖಾಲಿ ಮಾಡಿ ಹಾರುವುದನ್ನು ಹತ್ತು ಸಲ ಮಾಡುತ್ತೇನೆ. ನಿನ್ನ ಕಿವಿಯನ್ನು ಅಷ್ಟರೊಳಗೆ ಡಾಕ್ಟರಿಗೆ ತೋರಿಸಿರು. ಹೋದ ಸಲ ಬಲಗಿವಿ ಅಂತ ಮೂರು ದಿನ ಒದ್ದಾಡಿದ್ದೆ.

ನಿನ್ನ ನೀಲಿ ಮಾಸ್ಕ್ ಇನ್ನೂ ನನ್ನ ಹತ್ತಿರವೇ ಇದೆ. ಮಾಲ್ಡೀವ್ಸಿಗೂ ಅದನ್ನೇ ಒಯ್ದಿದ್ದೆ. ಪಟ್ಟಿ ಸ್ವಲ್ಪ ಸಡಿಲ ಆಗಿದೆ, ಹೊಸದು ಹಾಕಿಸಿ ತರುತ್ತೇನೆ.

ನಿನ್ನ,
ಗಿರೀಶ