ಮಗಳಿಗೊಂದು ಪತ್ರ: ಅಟ್ಟ ಸೇರಿದ ಶೂ

ಪುಟ್ಟೀ,

ನಿನ್ನೆ ರಾತ್ರಿ ನೀನು ಓಟದ ಶೂ ತೊಳೆದು ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದನ್ನು ನೋಡಿದೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ 'ಪರೀಕ್ಷೆ ವರ್ಷ ಅಲ್ವಾ ಅಮ್ಮ' ಅನ್ನುತ್ತಿದ್ದೆ. ಅದು ನನ್ನ ಬಾಯಿಂದಲೇ ಕಲಿತ ಮಾತು.

ಮೊನ್ನೆ ರಿಲೇ ಓಟದಲ್ಲಿ ಆ ಬ್ಯಾಟನ್ ಕೋಲು ಬಿದ್ದದ್ದು ನಿನ್ನೊಬ್ಬಳ ತಪ್ಪಲ್ಲ. ನಾನು ಬೇಲಿ ಪಕ್ಕದಲ್ಲೇ ನಿಂತಿದ್ದೆ. ನಾಲ್ವರು ತಲಾ 100 ಮೀಟರ್ ಓಡುವ ರಿಲೇಯಲ್ಲಿ ಬ್ಯಾಟನ್ ಕೈ ಬದಲಾಗಲು ಇರುವುದು 30 ಮೀಟರ್ ಜಾಗ. ಅಷ್ಟರೊಳಗೆ ಇಬ್ಬರೂ ಓಡುತ್ತಲೇ ಇರಬೇಕು, ನೀನು ಹಿಂದೆ ನೋಡದೆ ಕೈ ಚಾಚಬೇಕು. ನೀನು ಒಂದು ಹೆಜ್ಜೆ ಬೇಗ ಹೊರಟೆ, ಬ್ಯಾಟನ್ ತಂದವಳ ಕೂಗು ಆ ಗಲಾಟೆಯಲ್ಲಿ ಕೇಳಿಸಲಿಲ್ಲ. ಇದೆಲ್ಲ ನೂರು ಸಲ ಮಾಡಿ ಮಾಡಿ ಕೈಗೆ ಹತ್ತಬೇಕಾದ್ದು. ನಿಮಗೆ ಟ್ರ್ಯಾಕ್ ಸಿಕ್ಕಿದ್ದು ವಾರಕ್ಕೆ ಎರಡು ದಿನ. ಅದೂ ಹುಡುಗರು ಮುಗಿಸಿದ ಮೇಲೆ, ಕತ್ತಲಾಗುವ ಹೊತ್ತಿಗೆ.

ನಿನ್ನ ವಯಸ್ಸಿನಲ್ಲಿ ನಾನೂ ಓಡುತ್ತಿದ್ದೆ. ಮುಟ್ಟು ಶುರುವಾದ ಮೇಲೆ ಯಾರೂ ಬೇಡ ಅನ್ನಲಿಲ್ಲ. ಬಟ್ಟೆ ಬದಲಿಸಲು ಶಾಲೆಯಲ್ಲಿ ಚಿಲಕವಿರುವ ಒಂದು ಬಾಗಿಲು ಇರಲಿಲ್ಲ, ಅಷ್ಟೇ. ಒಂದು ತಿಂಗಳು ತಪ್ಪಿಸಿಕೊಂಡೆ, ಇನ್ನೊಂದು ತಿಂಗಳೂ ತಪ್ಪಿಸಿಕೊಂಡೆ. ಆಮೇಲೆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಹುಡುಗರು ಮೈದಾನಕ್ಕೆ ಹೋದಾಗ ನಾವು ಒಳಗೆ ಕೂತು ಗಣಿತ ಮಾಡುತ್ತಿದ್ದೆವು. ಗಣಿತವೂ ಬರಲಿಲ್ಲ ಬಿಡು.

ಓಟ ತಪ್ಪಿದ್ದು ನಮಗಷ್ಟೇ ಅಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಪತ್ರಿಕೆಗಳ ಕಣ್ಣಿಗೆ ಬಿದ್ದದ್ದು ಮಾತ್ರ ಗೆರೆ ದಾಟಿ ಸುಸ್ತಾಗಿ ನೆಲಕ್ಕೊರಗಿದವರು. ಇದು ಹೆಂಗಸರ ಕೈಲಾಗದು ಅಂತ ಓಟವನ್ನೇ ತೆಗೆದುಹಾಕಿದರು. ಮತ್ತೆ ಇಟ್ಟದ್ದು 1960ರಲ್ಲಿ. ಗಂಡಸು ಓಡಿ ಬಿದ್ದರೆ ಅದಕ್ಕೆ ಛಲ ಅನ್ನುತ್ತಾರೆ, ಅಲ್ವಾ?

ಇನ್ನು ನಿನ್ನ ಮಾರ್ಕ್ಸು. ಕ್ರೀಡಾಕೂಟಕ್ಕೆ ಹೋದ 3 ದಿನ ನಿನಗೆ ಬೀಜಗಣಿತ ತಪ್ಪಿತು. ನೋಟ್ಸ್ ಕೇಳಲು ಸಂಕೋಚಪಟ್ಟೆ. ಟೆಸ್ಟಿನಲ್ಲಿ ಅದೇ ಪಾಠ ಬಂತು. ಮಾರ್ಕ್ಸ್ ಕಾರ್ಡ್ ಹಿಡಿದು ನಾನು ಆಟವನ್ನು ಬೈದೆ. ತಪ್ಪು ನನ್ನದು. ಓಡಲು ಕಳಿಸಿದ ಶಾಲೆ, ಬಂದ ಮೇಲೆ ತಪ್ಪಿದ ಪಾಠವನ್ನೂ ಹೇಳಿಕೊಡಬೇಕಿತ್ತು. ಅದನ್ನು ಕೇಳದೆ ನಿನ್ನ ಮೇಲೆ ಹರಿಹಾಯ್ದೆ.

ಸೋಮವಾರ ಶಾಲೆಗೆ ಹೋಗಿ ಕೇಳುತ್ತೇನೆ. ತಪ್ಪಿದ ಪಾಠಕ್ಕೆ ಒಂದು ಗಂಟೆ, ಹುಡುಗಿಯರಿಗೂ ಬೆಳಕಿರುವಾಗ ಟ್ರ್ಯಾಕು, ಮತ್ತೆ ಆ ಚಿಲಕ. ನಿನ್ನ ತಂಡದ ಇಬ್ಬರ ಅಮ್ಮಂದಿರೂ ಬರುತ್ತೇವೆ ಅಂದಿದ್ದಾರೆ. 'ಪರೀಕ್ಷೆ ವರ್ಷ' ಅಂತ ಶಾಲೆಯವರು ರಾಗ ಎಳೆದರೆ ಹೇಳಲು ಒಂದು ಮಾತು ಇಟ್ಟುಕೊಂಡಿದ್ದೇನೆ: 5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪರೀಕ್ಷೆ ವರ್ಷಕ್ಕೆ ರಜೆ ಅಂತ ಅದರಲ್ಲಿ ಬರೆದಿಲ್ಲ.

ಓಟವೇ ಬೇಜಾರಾಗಿದ್ದರೆ ಬಿಡು, ಅದು ಬೇರೆ ಮಾತು. ಮೊನ್ನೆ ಬ್ಯಾಟನ್ ಎತ್ತಿಕೊಂಡು ಕೊನೆಯವಳಾಗಿ ಓಡಿ ಮುಗಿಸಿದೆಯಲ್ಲ, ಆ ಮುಖದಲ್ಲಿ ಬೇಜಾರು ನನಗಂತೂ ಕಾಣಲಿಲ್ಲ.

ಶೂ ಅಟ್ಟದಿಂದ ಇಳಿಸಿ ಬಾಗಿಲ ಹಿಂದೆ ಇಟ್ಟಿದ್ದೇನೆ. ಎಡಗಾಲಿನ ಲೇಸಿನ ತುದಿ ಬಿಚ್ಚಿಹೋಗಿತ್ತು, ಮೇಣದಬತ್ತಿಗೆ ಹಿಡಿದು ಅಂಟಿಸಿದೆ. ಬೇಡ ಅನ್ನಿಸಿದರೆ ನೀನೇ ಮತ್ತೆ ಮೇಲಿಡು. ನಾನಂತೂ ಇಡುವುದಿಲ್ಲ.

ನಿನ್ನ ಅಮ್ಮ